ಎಂಸಿಬಿ ಎತ್ತಿದರೂ ನಿಲ್ಲುತ್ತಿಲ್ಲವೇ? ಮನೆಯ ಕರೆಂಟ್ ದೋಷ ಹುಡುಕುವ ಕ್ರಮ

ಮಳೆ ಹಿಡಿದ ವಾರ ಬಂತೆಂದರೆ ಹುಬ್ಬಳ್ಳಿ, ಧಾರವಾಡ, ಗದಗ, ಹಾವೇರಿ ಕಡೆಯ ಓದುಗರು ಕೇಳುವ ಪ್ರಶ್ನೆ ಒಂದೇ: "ನಮ್ಮನಿ ಮೇನ್ ಗಳಿಗೆಗೊಮ್ಮೆ ಬೀಳಾಕತ್ತೈತ್ರೀ, ಏನ್ ಮಾಡಬೇಕ್ರಿ?" ಏಪ್ರಿಲ್‌ನಲ್ಲಿ ಅದೇ ಪ್ರಶ್ನೆ ಕೂಲರ್ ಹೆಸರಿನಲ್ಲಿ, ಡಿಸೆಂಬರ್‌ನಲ್ಲಿ ಗೀಸರ್ ಹೆಸರಿನಲ್ಲಿ ಬರುತ್ತದೆ. ಉತ್ತರ ಬಹುಪಾಲು ಎರಡು ಸಂಗತಿಯಲ್ಲಿ ಅಡಗಿರುತ್ತದೆ. ಬಿದ್ದದ್ದು ಯಾವುದು, ಬಿದ್ದದ್ದು ಯಾವಾಗ. ಇವೆರಡನ್ನು ಸರಿಯಾಗಿ ಗಮನಿಸಿದವರು ಎಲೆಕ್ಟ್ರಿಷಿಯನ್ ಬರುವ ಮೊದಲೇ ಅರ್ಧ ಕೆಲಸ ಮುಗಿಸಿರುತ್ತಾರೆ. ಗಮನಿಸದೆ ಮತ್ತೆ ಮತ್ತೆ ಎತ್ತುವವರು ವೈರ್ ಸುಡುತ್ತಾರೆ.

ಇಲ್ಲಿ ಹೇಳಿರುವುದೆಲ್ಲ ಸಿಂಗಲ್ ಫೇಸ್, 230 ವೋಲ್ಟ್ ಮನೆಗೆ. ಬೋರ್ಡಿನ ಮುಚ್ಚಳ ತೆಗೆಯದೆ ಮಾಡಬಹುದಾದದ್ದು ನಿಮ್ಮ ಕೆಲಸ. ಮುಚ್ಚಳದ ಒಳಗಿನದು ಲೈಸೆನ್ಸ್ ಇರುವ ಎಲೆಕ್ಟ್ರಿಷಿಯನ್ ಕೆಲಸ. ಈ ಗೆರೆ ದಾಟಬೇಡಿ.

ಏನನ್ನೂ ಮುಟ್ಟುವ ಮೊದಲು

ಬೋರ್ಡಿನಿಂದ ಸುಟ್ಟ ವಾಸನೆ ಅಥವಾ ಚಟಚಟ ಸದ್ದು ಬರುತ್ತಿದ್ದರೆ, ಎಂಸಿಬಿಯ, ಅಂದರೆ ತಾನಾಗಿ ಬೀಳುವ ಸ್ವಿಚ್ಚಿನ, ಪ್ಲಾಸ್ಟಿಕ್ ಕಂದಾಗಿದ್ದರೆ, ಬೋರ್ಡಿನೊಳಗೆ ನೀರು ಇಳಿದಿದ್ದರೆ, ನಲ್ಲಿ ಅಥವಾ ಫ್ರಿಜ್ ಮುಟ್ಟಿದಾಗ ಜುಮ್ಮೆಂದರೆ ಹುಡುಕಾಟ ಬೇಡ. ಒಣಗಿದ ಕೈಯಿಂದ ಮೇನ್ ಇಳಿಸಿ, ಎಲೆಕ್ಟ್ರಿಷಿಯನ್ ಕರೆಸಿ. ಬೋರ್ಡೇ ಒದ್ದೆಯಾಗಿದ್ದರೆ ಮೇನ್ ಕೂಡ ಮುಟ್ಟಬೇಡಿ. 1912ಕ್ಕೆ ಕರೆ ಮಾಡಿ ಹೆಸ್ಕಾಂನವರಿಂದ ಕಂಬದಲ್ಲಿಯೇ ಲೈನ್ ತೆಗೆಸಿ. ಮೀಟರಿನ ಸೀಲ್ ಒಡೆಯುವ ಅಧಿಕಾರ ನಿಮಗೂ ಇಲ್ಲ, ನಿಮ್ಮ ಎಲೆಕ್ಟ್ರಿಷಿಯನ್‌ಗೂ ಇಲ್ಲ.

ಮನೆಯ ಲೈಟುಗಳೆಲ್ಲ ಒಮ್ಮೆಲೇ ವಿಪರೀತ ಬೆಳಗಿದರೆ, ಅದು ಲೈನಿನ ನ್ಯೂಟ್ರಲ್, ಅಂದರೆ ಕರೆಂಟು ವಾಪಸು ಹೋಗುವ ತಂತಿ, ಕಡಿದ ಲಕ್ಷಣ. ಆಗ ಮನೆಗೆ 230ರ ಬದಲು 400 ವೋಲ್ಟಿನ ಹತ್ತಿರ ಬರಬಹುದು. ಮೊದಲು ಮೇನ್ ಇಳಿಸಿ, ಆಮೇಲೆ 1912.

ಇನ್ನೊಂದು ಮಾತನ್ನು ಬಹಳ ಜನ ಮರೆಯುತ್ತಾರೆ. ಮನೆಯಲ್ಲಿ ಇನ್ವರ್ಟರ್ ಇದ್ದರೆ ಮೇನ್ ಇಳಿಸಿದರೂ ಇನ್ವರ್ಟರ್ ಲೈನಿನಲ್ಲಿ ಕರೆಂಟ್ ಇರುತ್ತದೆ. ಬ್ಯಾಟರಿಯಿಂದ ಬರುವ 230 ವೋಲ್ಟ್ ಕೂಡ ಕಂಬದಿಂದ ಬರುವುದರಷ್ಟೇ ಅಪಾಯಕಾರಿ. ಇನ್ವರ್ಟರಿನ ಸ್ವಿಚ್ ಆಫ್ ಮಾಡಿ, ಅದರ ಪ್ಲಗ್ಗನ್ನೂ ತೆಗೆಯಿರಿ. ಅಲ್ಲಿಯವರೆಗೆ ಮನೆ ಬಂದ್ ಆಗಿದೆ ಎಂದು ತಿಳಿಯಬೇಡಿ.

ಕೈಗೆ ಬೇಕಾದದ್ದು ಟಾರ್ಚ್, ಒಣಗಿದ ರಬ್ಬರ್ ಚಪ್ಪಲಿ, ಕಾಗದ, ಪೆನ್ನು. ಟೆಸ್ಟರ್ ಇದ್ದರೆ ಇರಲಿ, ಆದರೆ ಅದರ ಮೇಲೆ ಪೂರ್ತಿ ಭರವಸೆ ಬೇಡ. ಟೆಸ್ಟರ್ ಹತ್ತಿತೆಂದರೆ ಅಲ್ಲಿ ವೋಲ್ಟೇಜ್ ಇದೆ ಎಂದಷ್ಟೇ ಅರ್ಥ. ನ್ಯೂಟ್ರಲ್ ಕಡಿದಿದ್ದರೆ ನ್ಯೂಟ್ರಲ್ ತೂತಿನಲ್ಲೂ ಅದು ಹತ್ತುತ್ತದೆ.

ಹಂತ 1: ಬಿದ್ದದ್ದು ಯಾವುದೆಂದು ಗುರುತಿಸಿ

ಬೋರ್ಡಿನಲ್ಲಿ ಸಾಮಾನ್ಯವಾಗಿ ಮೂರು ಬಗೆಯವು ಇರುತ್ತವೆ.

ಎಂಸಿಬಿ: ಹಳೆಯ ಪಿಂಗಾಣಿ ಫ್ಯೂಜಿನ ಜಾಗಕ್ಕೆ ಬಂದದ್ದು. ಒಂದೊಂದು ಲೈನಿಗೆ ಒಂದೊಂದು, ಬೆರಳಿನಷ್ಟು ಅಗಲ. ಮೈಮೇಲೆ ಸಿ16, ಸಿ10, ಬಿ6 ಎಂದು ಅಚ್ಚಾಗಿರುತ್ತದೆ. ಅಂಕಿ ಆಂಪಿಯರ್, ಅಂದರೆ ಎಷ್ಟು ಕರೆಂಟನ್ನು ಅದು ಸತತವಾಗಿ ಹೊರಬಲ್ಲದು ಎಂಬುದು. ಅಕ್ಷರ, ಒಮ್ಮೆಲೇ ನುಗ್ಗುವ ಕರೆಂಟನ್ನು ಎಷ್ಟು ತಾಳುತ್ತದೆ ಎಂಬುದು. ಬಿ ಆದರೆ ಆ ಅಂಕಿಯ 3ರಿಂದ 5 ಪಟ್ಟು ಕರೆಂಟಿಗೆ, ಸಿ ಆದರೆ 5ರಿಂದ 10 ಪಟ್ಟು ಕರೆಂಟಿಗೆ ತಕ್ಷಣ ಬೀಳುತ್ತದೆ.

ಆರ್‌ಸಿಸಿಬಿ: ಎರಡು ಎಂಸಿಬಿಯಷ್ಟು ಅಗಲ, ಮೇಲೆ ಟಿ ಎಂದು ಬರೆದ ಸಣ್ಣ ಬಟನ್. ನಮ್ಮ ಕಡೆ ಈಗಲೂ ಇದನ್ನು ಇಎಲ್‌ಸಿಬಿ ಎಂದೇ ಕರೆಯುತ್ತಾರೆ. ಫೇಸ್‌ನಲ್ಲಿ ಹೋದ ಕರೆಂಟು ನ್ಯೂಟ್ರಲ್‌ನಲ್ಲಿ ಅಷ್ಟಕ್ಕಷ್ಟೇ ವಾಪಸು ಬಂತೇ ಎಂದು ತೂಗುವುದು ಇದರ ಕೆಲಸ. ಕಡಿಮೆ ಬಂದರೆ ಉಳಿದದ್ದು ಎಲ್ಲೋ ನೆಲಕ್ಕೆ ಇಳಿಯುತ್ತಿದೆ, ಬಹುಶಃ ಯಾರದೋ ಮೈಯಿಂದ. ಮನೆಗೆ ಹಾಕುವುದು 30 ಮಿಲಿ ಆಂಪಿಯರಿನದು. ಅದು 15ರಿಂದ 30ರ ನಡುವೆ ಎಲ್ಲಿ ಬೇಕಾದರೂ ಬೀಳಬಹುದು. 15ಕ್ಕಿಂತ ಮೇಲೆ ಬಿದ್ದರೆ ತಪ್ಪು ಅದರದಲ್ಲ.

ಐಸೊಲೇಟರ್: ನೋಡಲು ಆರ್‌ಸಿಸಿಬಿಯಂತೆಯೇ, ಆದರೆ ಟಿ ಬಟನ್ ಇರುವುದಿಲ್ಲ. ಇದು ಬರೀ ಸ್ವಿಚ್, ತಾನಾಗಿ ಬೀಳುವುದಿಲ್ಲ. "ನಮ್ಮಲ್ಲಿ ಇಎಲ್‌ಸಿಬಿ ಐತ್ರಿ" ಎಂದು ನೆಚ್ಚಿಕೊಂಡ ಎಷ್ಟೋ ಮನೆಗಳಲ್ಲಿ ಇರುವುದು ಇದೇ. ಇವತ್ತೇ ಹೋಗಿ ಟಿ ಬಟನ್ ಇದೆಯೇ ನೋಡಿ.

ಎಂಸಿಬಿ ಬಿದ್ದಿದ್ದರೆ ಕರೆಂಟ್ ಹೆಚ್ಚಾಯಿತು ಅಥವಾ ಶಾರ್ಟ್ ಆಯಿತು ಎಂದು ಅರ್ಥ. ಆರ್‌ಸಿಸಿಬಿ ಬಿದ್ದಿದ್ದರೆ ಸೋರಿಕೆ. ಎರಡರ ಹುಡುಕಾಟದ ದಾರಿಯೂ ಬೇರೆ. ಎರಡನ್ನೂ "ಮೇನ್ ಬಿತ್ತು" ಎಂದು ಒಂದೇ ಹೆಸರಿನಿಂದ ಕರೆಯುವುದರಿಂದಲೇ ಫೋನಿನಲ್ಲಿ ಅರ್ಧ ಗೊಂದಲ.

ಹಂತ 2: ಯಾವಾಗ ಬಿತ್ತು, ಬರೆದಿಡಿ

ಎತ್ತಿದ ಕ್ಷಣಕ್ಕೇ ಪಟ್ಟೆಂದು ಬಿದ್ದರೆ ಶಾರ್ಟ್. ಎಂಸಿಬಿಯೊಳಗಿನ ಕಾಯಿಲ್ ಅಯಸ್ಕಾಂತವಾಗಿ ಎಳೆದಿದೆ. ಹತ್ತು ನಿಮಿಷ, ಅರ್ಧ ಗಂಟೆ ಬಿಟ್ಟು ಬಿದ್ದರೆ ಓವರ್‌ಲೋಡ್. ಒಳಗಿನ, ಎರಡು ಲೋಹ ಬೆಸೆದು ಮಾಡಿದ ಪಟ್ಟಿ ಬಿಸಿಯಾಗಿ ಬಾಗಿದೆ. ಮೋಟಾರ್ ಹಾಕಿದ ಕ್ಷಣಕ್ಕೆ ಮಾತ್ರ ಬಿದ್ದರೆ ಅದರ ಸ್ಟಾರ್ಟಿಂಗ್ ಕರೆಂಟ್. ಮಳೆ ಬಂದಾಗ ಬಿದ್ದು ಬಿಸಿಲಿಗೆ ತಾನೇ ಸರಿಹೋದರೆ ಹೊರಗಿನ ಲೈಟು, ತಾರಸಿಯ ಪೈಪು, ಸಂಪಿನ ಮೋಟಾರ್. ಗುಡುಗು ಸಿಡಿಲಿನ ಸಂಜೆ ಆರ್‌ಸಿಸಿಬಿ ಒಂದೇ ಸಲ ಬಿದ್ದು, ಎತ್ತಿದ ಮೇಲೆ ನಿಂತರೆ ಚಿಂತೆ ಬೇಡ. ಲೈನಿನಲ್ಲಿ ಬಂದ ಒಂದು ಹೊಡೆತಕ್ಕೆ ಅದು ಬಿದ್ದಿರುತ್ತದೆ.

ದಿನ, ವೇಳೆ, ಆಗ ಏನೇನು ಚಾಲೂ ಇತ್ತು ಎಂಬ ಮೂರು ಸಂಗತಿಯನ್ನು ಬೋರ್ಡಿನ ಪಕ್ಕ ಕಾಗದ ಅಂಟಿಸಿ ಬರೆಯಿರಿ. ನಾಲ್ಕು ಸಲ ಬರೆದ ಮೇಲೆ ದೋಷ ತಾನೇ ಕಾಣುವುದುಂಟು. ಫ್ರಿಜ್ಜಿನ ಮಂಜು ಕರಗಿಸುವ ಹೀಟರ್ ಕೆಲವು ಗಂಟೆಗೊಮ್ಮೆ ಚಾಲೂ ಆಗುತ್ತದೆ. ಅದರಲ್ಲಿ ಸೋರಿಕೆ ಇದ್ದರೆ ನಡುರಾತ್ರಿ ಯಾರೂ ಏನೂ ಹಾಕದಿದ್ದರೂ ಆರ್‌ಸಿಸಿಬಿ ಬೀಳುತ್ತದೆ. ಬರೆದಿಡದಿದ್ದರೆ ಇದು ಯಾರಿಗೂ ಹೊಳೆಯುವುದಿಲ್ಲ.

ಹಂತ 3: ಎತ್ತುವ ರೀತಿ

ಬಿದ್ದ ಕಡ್ಡಿ ಕೆಲವು ಮಾದರಿಗಳಲ್ಲಿ ನಡುವೆ ನಿಲ್ಲುತ್ತದೆ. ಅಲ್ಲಿಂದ ನೇರ ಮೇಲಕ್ಕೆ ತಳ್ಳಿದರೆ ಕೂರುವುದಿಲ್ಲ. ಪೂರ್ತಿ ಕೆಳಗೆ ಒತ್ತಿ, ಆಮೇಲೆ ಮೇಲೆತ್ತಿ. ಓವರ್‌ಲೋಡಿನಿಂದ ಬಿದ್ದಿದ್ದರೆ ಒಳಗಿನ ಪಟ್ಟಿ ಆರಲು ಐದು ನಿಮಿಷ ಬಿಡಿ.

ಎರಡು ಸಲ ಎತ್ತಿ ನೋಡಿ. ಮೂರನೆಯ ಸಲ ಬೇಡ. ಪ್ರತಿ ಶಾರ್ಟಿನಲ್ಲೂ ಎಂಸಿಬಿಯ ಒಳಗಿನ ಸಂಪರ್ಕದ ತುದಿ ಸ್ವಲ್ಪ ಸುಡುತ್ತದೆ. ಕಡ್ಡಿಯನ್ನು ಬೆರಳಿನಿಂದ ಒತ್ತಿ ಹಿಡಿಯುವುದು, ಟೇಪು ಸುತ್ತುವುದು ವ್ಯರ್ಥ. ಹಿಡಿದರೂ ಒಳಗೆ ಅದು ಬೀಳುವಂತೆಯೇ ಮಾಡಿರುತ್ತಾರೆ.

ಹಂತ 4: ಎಂಸಿಬಿ ಬಿದ್ದಿದ್ದರೆ

ಆ ಲೈನಿಗೆ ಸೇರಿದ ಎಲ್ಲ ಪ್ಲಗ್ಗುಗಳನ್ನೂ ಕಿತ್ತಿಡಿ, ಸ್ವಿಚ್ ಆಫ್ ಮಾಡಿದರೆ ಸಾಲದು. ಈಗ ಎತ್ತಿ. ನಿಂತರೆ ದೋಷ ಯಾವುದೋ ಸಾಮಾನಿನಲ್ಲಿದೆ. ಒಂದೊಂದಾಗಿ ಹಾಕುತ್ತ, ಪ್ರತಿಯೊಂದಕ್ಕೂ ಎರಡು ನಿಮಿಷ ಕೊಡುತ್ತ ಬನ್ನಿ. ಎಲ್ಲ ಕಿತ್ತರೂ ಬಿದ್ದರೆ ದೋಷ ಗೋಡೆಯೊಳಗಿನ ವೈರಿನಲ್ಲಿ, ಹೋಲ್ಡರಿನಲ್ಲಿ ಅಥವಾ ಸ್ವಿಚ್ ಬೋರ್ಡಿನಲ್ಲಿ. ಇತ್ತೀಚೆಗೆ ಯಾರಾದರೂ ಗೋಡೆಗೆ ಮೊಳೆ ಹೊಡೆದಿದ್ದಾರೆಯೇ, ಡ್ರಿಲ್ ಮಾಡಿದ್ದಾರೆಯೇ ನೆನಪಿಸಿಕೊಳ್ಳಿ. ಹಂಚಿನ ಮನೆಯಾದರೆ ಅಟ್ಟದ ಮೇಲಿನ ವೈರನ್ನು ಇಲಿ ಕಡಿದಿರುವುದು ಮಾಮೂಲು.

ಓವರ್‌ಲೋಡಿನ ಲೆಕ್ಕ ನೀವೇ ಹಾಕಬಹುದು. ವ್ಯಾಟನ್ನು 230ರಿಂದ ಭಾಗಿಸಿದರೆ ಆಂಪಿಯರ್. ಅಡಿಗೆಮನೆಯ ಸಿ16 ಲೈನನ್ನೇ ತೆಗೆದುಕೊಳ್ಳಿ. 2000 ವ್ಯಾಟಿನ ಇಂಡಕ್ಷನ್ 8.7, 1500ರ ಕೆಟಲ್ 6.5, 1200ರ ಓವನ್ 5.2. ಮೂರೂ ಕೂಡಿದರೆ 20.4 ಆಂಪಿಯರ್. 16ಕ್ಕಿಂತ ಹೆಚ್ಚಾದರೂ ಎಂಸಿಬಿ ತಕ್ಷಣ ಬೀಳುವುದಿಲ್ಲ. ನಿಯಮದ ಪ್ರಕಾರ ಅದು 1.13 ಪಟ್ಟು, ಅಂದರೆ 18 ಆಂಪಿಯರನ್ನು ಒಂದು ಗಂಟೆ ಬೀಳದೆ ಹೊರಬೇಕು, 1.45 ಪಟ್ಟು, ಅಂದರೆ 23.2 ಆದರೆ ಗಂಟೆಯೊಳಗೆ ಬೀಳಲೇಬೇಕು. 20.4 ಈ ಎರಡರ ನಡುವೆ ಬರುತ್ತದೆ, ಒಂದು ದಿನ ಬಿದ್ದು ಇನ್ನೊಂದು ದಿನ ನಿಂತೀತು. ಅದರ ಜೊತೆ 750 ವ್ಯಾಟಿನ ಮಿಕ್ಸರ್ ತಿರುಗಿದರೆ 23.7. ಚಟ್ನಿ ರುಬ್ಬುವಾಗಲೇ ಬೀಳುತ್ತದೆಂದು ಮಿಕ್ಸರನ್ನು ರಿಪೇರಿಗೆ ಒಯ್ಯುವವರಿದ್ದಾರೆ. ಮಿಕ್ಸರಿನಲ್ಲಿ ತಪ್ಪೇನೂ ಇಲ್ಲ.

ಬಿಸಿಲಿನ ಪಾತ್ರವೂ ಇದೆ. ಎಂಸಿಬಿಯ ಅಂಕಿ 30 ಡಿಗ್ರಿ ಸೆಲ್ಸಿಯಸ್‌ಗೆ ಲೆಕ್ಕ ಹಾಕಿದ್ದು. ಗದಗಿನ ಏಪ್ರಿಲ್‌ನಲ್ಲಿ ಪಡುವಣ ಗೋಡೆಯ ಮೇಲಿನ, ಗಾಳಿಯಾಡದ ಡಬ್ಬಿಯೊಳಗೆ ಉಷ್ಣ ಅದಕ್ಕಿಂತ ಎಷ್ಟೋ ಹೆಚ್ಚು. ಚಳಿಗಾಲದಲ್ಲಿ ನಿಂತ ಲೋಡು ಬೇಸಿಗೆಯ ಮಧ್ಯಾಹ್ನ ನಿಲ್ಲದಿರಲು ಇದೂ ಒಂದು ಕಾರಣ.

ಈಗ ಎಲ್ಲಕ್ಕಿಂತ ದೊಡ್ಡ ತಪ್ಪಿನ ಮಾತು. 16 ಬೀಳುತ್ತದೆಂದು 32 ಹಾಕಿಸಬೇಡಿ. ಎಂಸಿಬಿ ಕಾಯುವುದು ನಿಮ್ಮ ಮಿಕ್ಸರನ್ನಲ್ಲ, ಗೋಡೆಯೊಳಗಿನ ವೈರನ್ನು. ನಮ್ಮ ಕಡೆಯ ರೂಢಿಯಲ್ಲಿ ಒಂದೂವರೆ ವೈರಿಗೆ, ಅಂದರೆ 1.5 ಚದರ ಮಿಲಿಮೀಟರಿನ ತಾಮ್ರಕ್ಕೆ, 6 ಅಥವಾ 10 ಆಂಪಿಯರ್. ಎರಡೂವರೆಗೆ 16. ನಾಲ್ಕರ ವೈರಿಗೆ 20 ಅಥವಾ 25. ಎರಡೂವರೆ ವೈರಿಗೆ 32 ಹಾಕಿದ ದಿನದಿಂದ ಕೊಳವೆಯೊಳಗಿನ ವೈರೇ ಫ್ಯೂಜ್ ಆಗುತ್ತದೆ. ಅದು ಬಿಸಿಯಾಗಿ ಇನ್ಸುಲೇಶನ್ ಕರಗಿದ್ದು ಹೊರಗೆ ಕಾಣುವುದಿಲ್ಲ, ಬೆಂಕಿ ಹತ್ತಿದ ಮೇಲಷ್ಟೇ ಕಾಣುತ್ತದೆ. ಲೋಡ್ ನಿಜವಾಗಿ ಹೆಚ್ಚಿದ್ದರೆ ಬೋರ್ಡಿನಿಂದ ಬೇರೆ ಲೈನ್ ಎಳೆಸಬೇಕು. ಗೀಸರಿಗೆ, ಎಸಿಗೆ, ಇಂಡಕ್ಷನ್‌ಗೆ ಪ್ರತ್ಯೇಕ ಲೈನ್ ಇರಲಿ. ಮಂಜೂರಾದ ಲೋಡನ್ನು ಮೀರುತ್ತಿದ್ದರೆ ಹೆಸ್ಕಾಂಗೆ ಅರ್ಜಿ ಕೊಟ್ಟು ಹೆಚ್ಚಿಸಿಕೊಳ್ಳಿ.

ಹಂತ 5: ಆರ್‌ಸಿಸಿಬಿ ಬಿದ್ದಿದ್ದರೆ

ಇಲ್ಲಿ ತಾಳ್ಮೆ ಬೇಕು. ಜನ ದಾರಿ ತಪ್ಪುವುದೂ ಇಲ್ಲೇ ಹೆಚ್ಚು.

ಎಲ್ಲ ಎಂಸಿಬಿ ಇಳಿಸಿ ಆರ್‌ಸಿಸಿಬಿ ಒಂದನ್ನೇ ಎತ್ತಿ. ನಿಂತರೆ ಎಂಸಿಬಿಗಳನ್ನು ಒಂದೊಂದಾಗಿ ಎತ್ತುತ್ತ ಬನ್ನಿ. ಯಾವುದನ್ನು ಎತ್ತಿದಾಗ ಬಿತ್ತೋ ಆ ಲೈನನ್ನು ಗುರುತು ಹಾಕಿ. ಆ ಒಂದನ್ನು ಇಳಿಸಿಟ್ಟು ಉಳಿದವನ್ನೆಲ್ಲ ಎತ್ತಿ ನೋಡಿ. ನಿಂತರೆ ರಾತ್ರಿಯ ಮಟ್ಟಿಗೆ ಮನೆ ನಡೆಯುತ್ತದೆ. ಬೆಳಿಗ್ಗೆ ಆ ಲೈನಿನ ಪ್ಲಗ್ಗುಗಳನ್ನೆಲ್ಲ ಕಿತ್ತು, ಹಂತ 4ರಂತೆ ಒಂದೊಂದಾಗಿ ಹಾಕಿ.

ಒಂದು ವೇಳೆ ಎಲ್ಲ ಎಂಸಿಬಿ ಇಳಿಸಿದರೂ ಆರ್‌ಸಿಸಿಬಿ ನಿಲ್ಲದಿದ್ದರೆ? "ಎಲ್ಲಾ ಬಂದ್ ಐತಿ, ಆದ್ರೂ ಬೀಳ್ತೈತಿ ಅಂದ್ರ ಅದs ಕೆಟ್ಟೈತಿ" ಎಂದು ಹೊಸದು ತರುತ್ತಾರೆ, ಹೊಸದೂ ಬೀಳುತ್ತದೆ. ಕಾರಣ, ಒಂದು ಪೋಲಿನ ಎಂಸಿಬಿ ಕಡಿಯುವುದು ಫೇಸನ್ನು ಮಾತ್ರ. ನ್ಯೂಟ್ರಲ್ ಎಲ್ಲ ಲೈನಿಗೂ ಹಾಗೆಯೇ ಜೋಡಿಸಿಕೊಂಡಿರುತ್ತದೆ. ಆ ನ್ಯೂಟ್ರಲ್ ಎಲ್ಲೋ ಅರ್ಥ್ ತಂತಿಗೆ, ಒದ್ದೆ ಗೋಡೆಗೆ ಅಥವಾ ಸಾಮಾನಿನ ಲೋಹದ ಮೈಗೆ ತಾಗಿದ್ದರೆ ಕರೆಂಟು ಅತ್ತ ಹಂಚಿಹೋಗುತ್ತದೆ, ತಕ್ಕಡಿ ತಪ್ಪುತ್ತದೆ.

ಇದೇ ದೋಷ ಇನ್ನೊಂದು ವೇಷದಲ್ಲಿ ಬರುತ್ತದೆ. ನ್ಯೂಟ್ರಲ್ ಅರ್ಥಿಗೆ ತಾಗಿದ್ದು ಪಡಸಾಲೆಯ ಲೈನಿನಲ್ಲಿ. ಮನೆಯಲ್ಲಿ ಲೋಡ್ ಕಡಿಮೆ ಇದ್ದಾಗ ಆ ದಾರಿಯಲ್ಲಿ ಹರಿಯುವುದು ಕೆಲವೇ ಮಿಲಿ ಆಂಪಿಯರ್, ಆರ್‌ಸಿಸಿಬಿ ನಿಲ್ಲುತ್ತದೆ. ಬಚ್ಚಲಿನ ಗೀಸರ್ ಹಾಕಿದಿರಿ, 9 ಆಂಪಿಯರ್ ವಾಪಸು ಬರುವಾಗ ಒಂದು ಪಾಲು ಪಡಸಾಲೆಯ ದಾರಿಯಿಂದ ನೆಲಕ್ಕಿಳಿಯಿತು, ಬಿತ್ತು. ಗೀಸರ್ ಬದಲಿಸಿದರೂ ಬೀಳುತ್ತದೆ. ಭಾರಿ ಲೋಡ್ ಯಾವುದು ಹಾಕಿದರೂ, ಗೀಸರ್ ಇರಲಿ, ಇಸ್ತ್ರಿ ಇರಲಿ, ಬೀಳುತ್ತದೆಂದರೆ ಆ ಸಾಮಾನುಗಳನ್ನು ಬಿಟ್ಟು ನ್ಯೂಟ್ರಲ್ಲಿನ ಮೇಲೆ ಸಂಶಯಪಡಿ.

ನೀವು ಮಾಡಬಹುದಾದದ್ದು, ಮನೆಯ ಎಲ್ಲ ಪ್ಲಗ್ಗು ಕಿತ್ತು, ಗೀಸರ್ ಮತ್ತು ಮೋಟಾರಿನ ಎರಡು ಪೋಲಿನ (ಫೇಸ್, ನ್ಯೂಟ್ರಲ್ ಎರಡನ್ನೂ ಕಡಿಯುವ) ಸ್ವಿಚ್ ಇಳಿಸಿ, ಮತ್ತೆ ನೋಡುವುದು. ಆಗಲೂ ಬಿದ್ದರೆ ಎಲೆಕ್ಟ್ರಿಷಿಯನ್ ಬಂದು ನ್ಯೂಟ್ರಲ್ ಲಿಂಕಿನಿಂದ, ಅಂದರೆ ಎಲ್ಲ ನ್ಯೂಟ್ರಲ್ ಸೇರುವ ಹಿತ್ತಾಳೆ ಪಟ್ಟಿಯಿಂದ, ಒಂದೊಂದೇ ವೈರ್ ಬಿಡಿಸಿ, 500 ವೋಲ್ಟಿನ ಮೆಗ್ಗರ್, ಅಂದರೆ ಇನ್ಸುಲೇಶನ್ ಅಳೆಯುವ ಯಂತ್ರ, ಹಾಕಿ ಅರ್ಥಿಗೆ ಅಳೆಯಬೇಕು. 1 ಮೆಗಾ ಓಮ್‌ಗಿಂತ ಕಡಿಮೆ ತೋರಿಸಿದ ಲೈನೇ ಕಳ್ಳ. ಮೆಗ್ಗರ್ ಹಾಕುವ ಮೊದಲು ಟಿವಿ, ಎಲ್‌ಇಡಿ ಡ್ರೈವರ್, ರೌಟರ್ ಎಲ್ಲ ಬಿಡಿಸಿರಬೇಕು, ಇಲ್ಲದಿದ್ದರೆ ಅವು ಸುಡುತ್ತವೆ. ಮೆಗ್ಗರ್ ಇಲ್ಲದೆ ಅಂದಾಜಿನ ಮೇಲೆ ಗೋಡೆ ಒಡೆಯಲು ಹೊರಟವರನ್ನು ತಡೆಯಿರಿ.

ಯಾವುದೂ ಕೆಟ್ಟಿಲ್ಲದೆಯೂ ಬೀಳುವುದುಂಟು. ಕಂಪ್ಯೂಟರ್, ವಾಷಿಂಗ್ ಮಷಿನ್, ಇನ್ವರ್ಟರ್ ಎಸಿ ಮುಂತಾದವುಗಳಲ್ಲಿ ಲೈನಿನ ಗದ್ದಲ ಸೋಸುವ ಫಿಲ್ಟರ್ ಇರುತ್ತದೆ, ಅದರಿಂದ ಒಂದಿಷ್ಟು ಮಿಲಿ ಆಂಪಿಯರ್ ಅರ್ಥಿಗೆ ಹೋಗುವುದು ಸಹಜ. ಅಂಥವು ಹತ್ತಾರು ಕೂಡಿದರೆ 15ರ ಹತ್ತಿರ ಬರುತ್ತದೆ. ಮಾಮೂಲು ಸೋರಿಕೆ 9 ಮಿಲಿ ಆಂಪಿಯರ್ ದಾಟದಂತೆ ನೋಡಿಕೊಳ್ಳುವುದು ಒಳ್ಳೆಯದು. ದೊಡ್ಡ ಮನೆಗೆ ಇಡೀ ಬೋರ್ಡಿಗೆ ಒಂದೇ ಆರ್‌ಸಿಸಿಬಿ ಹಾಕುವ ಬದಲು ಎರಡಾಗಿ ಒಡೆಯಿರಿ, ಅಥವಾ ಬಚ್ಚಲು, ಅಡಿಗೆಮನೆಗೆ ಆರ್‌ಸಿಬಿಒ ಹಾಕಿಸಿ. ಎಂಸಿಬಿ, ಆರ್‌ಸಿಸಿಬಿ ಎರಡರ ಕೆಲಸವನ್ನೂ ಒಂದೇ ಡಬ್ಬಿಯಲ್ಲಿ ಮಾಡುವಂಥದ್ದು ಅದು.

ಹಂತ 6: ಮೊದಲು ಸಂಶಯಪಡಬೇಕಾದವು

ಗೀಸರ್. ಬೋರಿನ ಗಡಸು ನೀರು ಬಳಸುವ ಮನೆಗಳಲ್ಲಿ ಎಲಿಮೆಂಟಿನ ಮೇಲೆ ಸುಣ್ಣದ ಪದರ ಕಟ್ಟುತ್ತದೆ. ಪದರದ ಕೆಳಗೆ ಶಾಖ ಹೊರಹೋಗದೆ ಕೊಳವೆ ಬಿರುಕು ಬಿಡುತ್ತದೆ, ನೀರು ಒಳಗಿನ ತಂತಿಗೆ ತಾಗುತ್ತದೆ. ಲಕ್ಷಣ: ಹಾಕಿದ ಕೂಡಲೇ ಅಥವಾ ನೀರು ಕಾದ ಮೇಲೆ ಆರ್‌ಸಿಸಿಬಿ ಬೀಳುವುದು. ಬಕೆಟ್ಟಿಗೆ ಇಳಿಬಿಡುವ ಹೀಟರ್ ರಾಡಿನದೂ ಇದೇ ಕತೆ, ಅಪಾಯ ಇನ್ನೂ ಹೆಚ್ಚು. ಒಮ್ಮೆ ಆರ್‌ಸಿಸಿಬಿ ಬೀಳಿಸಿದ ರಾಡನ್ನು ರಿಪೇರಿ ಮಾಡಿಸಬೇಡಿ, ಬಿಸಾಡಿ.

ಕೂಲರ್. ತಳದ ನೀರಿನಲ್ಲಿ ಮುಳುಗಿರುವ ಸಣ್ಣ ಪಂಪಿನ ವೈರಿಗೆ ಟೇಪು ಸುತ್ತಿದ ಜೋಡಣೆ ಇದ್ದರೆ ದೋಷ ಅಲ್ಲೇ. ಕಬ್ಬಿಣದ ಮೈಯ ಕೂಲರಿಗೆ ಎರಡೇ ಪಿನ್ನಿನ ಪ್ಲಗ್ ಇದ್ದರೆ, ಆರ್‌ಸಿಸಿಬಿ ಬೀಳುವುದು ಯಾರಾದರೂ ಅದನ್ನು ಮುಟ್ಟಿದಾಗಲೇ. ಮೂರು ಪಿನ್ನಿನ ಪ್ಲಗ್ ಹಾಕಿಸಿ. ಮಕ್ಕಳಿರುವ ಮನೆಯಲ್ಲಿ ಇದನ್ನು ನಾಳೆಗೆ ಇಡಬೇಡಿ.

ಸಂಪಿನ ಮೋಟಾರ್. ನೀರು ದಿನಗಟ್ಟಲೆ ಬಿಟ್ಟು ಬರುವ ನಮ್ಮ ಓಣಿಗಳಲ್ಲಿ ಸಂಪು, ಮೋಟಾರು ಇಲ್ಲದ ಮನೆ ವಿರಳ. 1 ಎಚ್‌ಪಿ ಸಿಂಗಲ್ ಫೇಸ್ ಮೋಟಾರ್ ಓಡುವಾಗ ಸುಮಾರು 5ರಿಂದ 7 ಆಂಪಿಯರ್ ತೆಗೆದುಕೊಂಡರೂ, ಚಾಲೂ ಆಗುವ ಕ್ಷಣಕ್ಕೆ ಅದರ ಐದಾರು ಪಟ್ಟು ಎಳೆಯುತ್ತದೆ, 30ರಿಂದ 40ರವರೆಗೆ. ಬಿ10 ಎಂಸಿಬಿ 30ಕ್ಕೇ ಬೀಳಲು ಶುರುವಾಗುತ್ತದೆ, ಸಿ10 ಆದರೆ 50ರವರೆಗೆ ತಾಳುತ್ತದೆ. ಹಾಗಾಗಿ ಮೋಟಾರಿನ ಲೈನಿಗೆ ಸಿ ಬಗೆಯದೇ ಇರಬೇಕು. ಇಲ್ಲಿ ಬದಲಿಸಬೇಕಾದದ್ದು ಅಕ್ಷರ, ಅಂಕಿ ಅಲ್ಲ. ಮೋಟಾರ್ ಗುಂಯ್ ಎನ್ನುತ್ತ ತಿರುಗದೆ ನಿಂತು, ಆಮೇಲೆ ಎಂಸಿಬಿ ಬಿದ್ದರೆ ಕೆಪಾಸಿಟರ್ ಹೋಗಿದೆ, ಇಲ್ಲವೇ ಬಹಳ ದಿನ ನಿಂತು ಇಂಪೆಲ್ಲರ್ (ಒಳಗೆ ನೀರು ದೂಡುವ ಚಕ್ರ) ಜಾಮ್ ಆಗಿದೆ. ತಕ್ಷಣ ಬಂದ್ ಮಾಡಿ, ಅರ್ಧ ನಿಮಿಷ ಹಾಗೇ ಬಿಟ್ಟರೂ ವೈಂಡಿಂಗ್ ಬಿಸಿಯಾಗುತ್ತದೆ. ಕೆಪಾಸಿಟರನ್ನು ನೀವು ಬಿಚ್ಚಬೇಡಿ. ಪ್ಲಗ್ ತೆಗೆದ ಮೇಲೂ ಅದರಲ್ಲಿ ಚಾರ್ಜ್ ಉಳಿದಿರುತ್ತದೆ.

ಗೇಟಿನ ಲೈಟು, ತಾರಸಿಯ ಲೈಟು. ಧಾರವಾಡದ ಜಿಟಿಜಿಟಿ ಮಳೆ ಮೇಲಿನಿಂದ ಸುರಿಯುವುದಕ್ಕಿಂತ ಗಾಳಿಗೆ ಅಡ್ಡಡ್ಡ ಬಡಿಯುವುದು ಹೆಚ್ಚು. ಕೊಳವೆಯ ಬಾಯಿ ಮೇಲ್ಮುಖವಾಗಿದ್ದರೆ ನೀರು ವೈರ್ ಹಿಡಿದು ಒಳಗೆ ಇಳಿಯುತ್ತದೆ. ಬಾಯಿಯನ್ನು ಕೆಳಮುಖ ಮಾಡಿಸಿ, ಡಬ್ಬಿಯ ಕೆಳಭಾಗದಲ್ಲಿ ಸಣ್ಣ ತೂತು ಇರಲಿ.

ಹಂತ 7: ಇನ್ವರ್ಟರ್ ಹಾಕಿಸಿದ ಮೇಲೆ ಶುರುವಾದದ್ದೇ?

ಹಾಗಿದ್ದರೆ ಬೇರೆಲ್ಲೂ ಹುಡುಕಬೇಡಿ. ಇನ್ವರ್ಟರಿಗೆ ಹೋಗುವ ಫೇಸನ್ನು ಆರ್‌ಸಿಸಿಬಿಯ ಮೊದಲೇ ತೆಗೆದುಕೊಂಡು, ಇನ್ವರ್ಟರಿನ ಮೇಲೆ ನಡೆಯುವ ಲೈಟುಗಳ ನ್ಯೂಟ್ರಲನ್ನು ಆರ್‌ಸಿಸಿಬಿಯ ನಂತರದ ಲಿಂಕಿಗೆ ಸೇರಿಸಿದ್ದರೆ, ಹೋಗುವಾಗ ಕರೆಂಟು ತಕ್ಕಡಿಯ ಹೊರಗಿಂದ ಹೋಗಿ, ಬರುವಾಗ ತಕ್ಕಡಿಯೊಳಗಿಂದ ಬರುತ್ತದೆ. ಒಂದು ಫ್ಯಾನ್ ತಿರುಗಿದರೂ ಬೀಳುತ್ತದೆ. ಫೇಸ್, ನ್ಯೂಟ್ರಲ್ ಎರಡೂ ಆರ್‌ಸಿಸಿಬಿಯ ಒಂದೇ ಬದಿಯಲ್ಲಿರಬೇಕು. ಎರಡು ಆರ್‌ಸಿಸಿಬಿ ಇರುವ ಮನೆಯಲ್ಲಿ ಒಂದರ ಫೇಸಿಗೆ ಇನ್ನೊಂದರ ನ್ಯೂಟ್ರಲ್ ಸೇರಿದರೂ ಇದೇ ಗತಿ. ಮಹಡಿಯ ಮೆಟ್ಟಿಲಿನ ಎರಡು ಸ್ವಿಚ್ಚಿನ ಲೈಟಿನಲ್ಲಿ ಕೆಳಗಿನ ಫೇಸು, ಮೇಲಿನ ನ್ಯೂಟ್ರಲ್ ಬೆರೆತಿರುವುದು ಬಹಳ. ಇನ್ವರ್ಟರ್ ಮಾರುವವರ ಹುಡುಗರು ಇದನ್ನು ಗಮನಿಸದೆ, "ಇಎಲ್‌ಸಿಬಿ ತೆಗಸ್ರಿ, ಸರಿ ಆಗ್ತದ" ಎಂದರೆ ಒಪ್ಪಬೇಡಿ. ಒಂದು ನ್ಯೂಟ್ರಲ್ ಜಾಗ ಬದಲಿಸಿದರೆ ಮುಗಿಯುವ ಕೆಲಸ ಅದು.

ಹಂತ 8: ಅರ್ಥಿಂಗ್, ನಮ್ಮ ಎರೆಮಣ್ಣಿನಲ್ಲಿ

ಮಳೆಗೆ ಉಬ್ಬಿ ಬೇಸಿಗೆಗೆ ಬಿರಿಯುವುದು ಎರೆಮಣ್ಣಿನ ಗುಣ. ಹೊಲದಲ್ಲಿ ಕೈ ಹಿಡಿಸುವಷ್ಟು ಬಿರುಕು ಬಿಡುವ ಅದೇ ಮಣ್ಣು ನಿಮ್ಮ ಅರ್ಥ್ ಪೈಪಿನ ಸುತ್ತಲೂ ಬಿರಿಯುತ್ತದೆ. ಪೈಪಿಗೂ ಮಣ್ಣಿಗೂ ನಡುವೆ ಗಾಳಿ ತುಂಬಿದರೆ ಅರ್ಥಿಂಗ್ ಹೆಸರಿಗಷ್ಟೇ. ಆಗ ಸೋರಿದ ಕರೆಂಟಿಗೆ ನೆಲಕ್ಕಿಳಿಯಲು ದಾರಿ ಸಿಗದೆ ಆರ್‌ಸಿಸಿಬಿ ಸುಮ್ಮನಿರುತ್ತದೆ, ಸಾಮಾನಿನ ಮೈಯಲ್ಲಿ ಕರೆಂಟು ನಿಂತಿರುತ್ತದೆ, ಮುಟ್ಟಿದವರ ಮೈಯೇ ದಾರಿಯಾಗುತ್ತದೆ. ಬೇಸಿಗೆಯಲ್ಲಿ ಬೀಳದ ಆರ್‌ಸಿಸಿಬಿ ಮೊದಲ ಮಳೆಗೆ ಬೀಳತೊಡಗಿದರೆ ಇದನ್ನೂ ನೆನಪಿಡಿ. ಸೋರಿಕೆ ಮೊದಲೇ ಇತ್ತು, ನೆಲ ಒದ್ದೆಯಾಗಿ ಅರ್ಥಿಂಗ್ ಈಗ ಕೆಲಸ ಮಾಡುತ್ತಿದೆ ಎಂದಿರಬಹುದು.

ಫೆಬ್ರವರಿಯಿಂದ ಮುಂಗಾರಿನವರೆಗೆ ವಾರಕ್ಕೊಮ್ಮೆ ಅರ್ಥ್ ಗುಂಡಿಗೆ ಒಂದೆರಡು ಕೊಡ ನೀರು ಹಾಕಿ. ಗುಂಡಿಯ ಮೇಲೆ ಟೈಲ್ಸ್ ಹಾಕಿ ಮುಚ್ಚಿಬಿಟ್ಟ ಮನೆಗಳಿವೆ, ಹಾಗೆ ಮಾಡಬೇಡಿ. ವರ್ಷಕ್ಕೊಮ್ಮೆ, ಅದೂ ಬೇಸಿಗೆಯಲ್ಲಿ, ಅರ್ಥ್ ಟೆಸ್ಟರಿನಿಂದ ಅಳೆಯಿಸಿ. ಮನೆಗೆ 5 ಓಮ್‌ನ ಒಳಗಿರಲಿ ಎನ್ನುವುದು ರೂಢಿ. ಫೇಸಿಗೂ ಅರ್ಥಿಗೂ ನಡುವೆ 100 ವ್ಯಾಟಿನ ಬಲ್ಬ್ ಹಚ್ಚಿ "ಭೇಷ್ ಐತಿ" ಎನ್ನುವ ಪರೀಕ್ಷೆಯನ್ನು ನಂಬಬೇಡಿ. ಬಲ್ಬಿನದೇ ತಡೆ 500 ಓಮ್‌ಗಿಂತ ಹೆಚ್ಚು, ಅರ್ಥಿಂಗ್ 50 ಓಮ್ ಇದ್ದರೂ ಅದು ಚೆನ್ನಾಗಿಯೇ ಉರಿಯುತ್ತದೆ. ಆರ್‌ಸಿಸಿಬಿ ಇರುವ ಲೈನಿನಲ್ಲಂತೂ ಬಲ್ಬ್ ಹಚ್ಚಿದ ಕೂಡಲೇ ಅದು ಬೀಳುತ್ತದೆ, ಬೀಳಲೇಬೇಕು.

ಅರ್ಥ್ ಇಲ್ಲವೆಂದು ಸಾಕೆಟ್ಟಿನಲ್ಲಿ ನ್ಯೂಟ್ರಲಿನಿಂದ ಅರ್ಥ್ ಪಿನ್ನಿಗೆ ತುಂಡು ವೈರ್ ಹಾಕುವ ಕೆಟ್ಟ ರೂಢಿ ಹಳೆಯ ಮನೆಗಳಲ್ಲಿ ಸಿಗುತ್ತದೆ. ಆರ್‌ಸಿಸಿಬಿ ಹಾಕಿಸಿದ ದಿನವೇ ಅದು ಬಯಲಾಗುತ್ತದೆ. ನ್ಯೂಟ್ರಲ್ ಎಲ್ಲಾದರೂ ಕಡಿದರೆ ಫ್ರಿಜ್ಜಿನ ಇಡೀ ಮೈಗೆ 230 ವೋಲ್ಟ್ ಬರುತ್ತದೆ. ಕಂಡಲ್ಲಿ ತೆಗೆಸಿ.

ಹಂತ 9: ಎಂಸಿಬಿಯೇ ಕೆಟ್ಟಿರಬಹುದೇ?

ಇರಬಹುದು, ಆದರೆ ಇದು ಕೊನೆಯ ಸಂಶಯವಾಗಿರಲಿ. ಲೋಡ್ ಕಡಿಮೆ ಇದ್ದೂ ಬೀಳುತ್ತಿದ್ದರೆ ಕೈಹಿಂಭಾಗವನ್ನು ಮುಚ್ಚಳದ ಹತ್ತಿರ ತನ್ನಿ. ಪಕ್ಕದವುಗಳಿಗಿಂತ ಒಂದೇ ಎಂಸಿಬಿ ಬಿಸಿ ಇದ್ದರೆ ಅದರ ತಿರುಪು ಸಡಿಲಾಗಿದೆ. ಸಡಿಲ ಜೋಡಣೆ ಬಿಸಿಯಾಗುತ್ತದೆ, ಆ ಬಿಸಿ ಒಳಗಿನ ಪಟ್ಟಿಯನ್ನು ಬಾಗಿಸುತ್ತದೆ. ಮೇನ್ ಇಳಿಸಿ ತಿರುಪು ಬಿಗಿ ಮಾಡಿಸಿದರೆ ಸಾಕಾಗಬಹುದು. ವೈರಿನ ತುದಿ ಕಪ್ಪಾಗಿದ್ದರೆ ಕತ್ತರಿಸಿ ಹೊಸ ತುದಿ ಕೂರಿಸಬೇಕು. ಹೊಸ ಎಂಸಿಬಿ ಕೊಳ್ಳುವಾಗ ಐಎಸ್‌ಐ ಗುರುತು, ಚೌಕದೊಳಗೆ 10000 ಎಂಬ ಅಂಕಿ ನೋಡಿ. 10,000 ಆಂಪಿಯರಿನ ಶಾರ್ಟನ್ನೂ ಅದು ಸಿಡಿಯದೆ ಕಡಿಯಬಲ್ಲದು ಎಂಬುದರ ಗುರುತು ಅದು. ಬಿಲ್ ಇಲ್ಲದ ಅಗ್ಗದ ಮಾಲು ಬೇಡ.

ಎಲೆಕ್ಟ್ರಿಷಿಯನ್‌ಗೆ ಫೋನ್ ಮಾಡುವಾಗ

"ಕರೆಂಟ್ ಹೋಗೈತ್ರೀ" ಎಂದಷ್ಟೇ ಹೇಳಿದರೆ ಅವರು ಬರೀ ಟೆಸ್ಟರ್ ಹಿಡಿದು ಬರುತ್ತಾರೆ. ಬಿದ್ದದ್ದು ಯಾವುದು, ಅದರ ಮೇಲಿನ ಅಂಕಿ ಎಷ್ಟು, ಎಲ್ಲ ಪ್ಲಗ್ಗು ಕಿತ್ತರೂ ಬೀಳುತ್ತದೆಯೇ, ಎಲ್ಲ ಎಂಸಿಬಿ ಇಳಿಸಿದರೂ ಬೀಳುತ್ತದೆಯೇ ಎಂದು ಹೇಳಿ. ಕೊನೆಯದಕ್ಕೆ ಹೌದು ಎಂದಾದರೆ "ಮೆಗ್ಗರ್ ತಗೊಂಡs ಬರ್ರಿ" ಎಂದು ಸೇರಿಸಿ, ಎರಡನೆಯ ಓಡಾಟ ಉಳಿಯುತ್ತದೆ. ದೋಷ ಸಿಗುವವರೆಗೆ ಆರ್‌ಸಿಸಿಬಿಯನ್ನು ಬೈಪಾಸ್ ಮಾಡಿಕೊಡುತ್ತೇನೆ ಎಂದರೆ ಬೇಡವೆನ್ನಿ. ಕೆಟ್ಟ ಲೈನನ್ನಷ್ಟೇ ಬಿಡಿಸಿ ಉಳಿದದ್ದನ್ನು ಚಾಲೂ ಮಾಡಿಸಿಕೊಳ್ಳಿ.

ಕೆಲಸ ಮುಗಿಸಿ ಅವರು ಹೊರಡುವ ಮೊದಲು ಅವರೆದುರೇ ಟಿ ಬಟನ್ ಒತ್ತಿ. ಕರೆಂಟ್ ಇರುವಾಗ ಒತ್ತಿದರೆ ಆರ್‌ಸಿಸಿಬಿ ತಕ್ಷಣ ಬೀಳಬೇಕು, ಬೀಳದಿದ್ದರೆ ಅವತ್ತೇ ಬದಲಾಯಿಸಿಕೊಳ್ಳಿ. ಈ ಬಟನ್ ಅರ್ಥಿಂಗನ್ನು ಪರೀಕ್ಷಿಸುವುದಿಲ್ಲ, ಆರ್‌ಸಿಸಿಬಿಯನ್ನು ಮಾತ್ರ. ಆಮೇಲೆ ಪ್ರತಿ ಎಂಸಿಬಿಯ ಕೆಳಗೆ ಯಾವ ಕೋಣೆಯದೆಂದು ಬರೆಸಿ ಅಂಟಿಸಿ. ಟಿ ಬಟನ್ನನ್ನು ತಿಂಗಳಿಗೊಮ್ಮೆ, ಹಗಲು ಹೊತ್ತಿನಲ್ಲಿ, ಕಂಪ್ಯೂಟರ್ ಬಂದ್ ಮಾಡಿಕೊಂಡು ಒತ್ತುತ್ತಿರಿ.